ಪಿಲ್ಲಿ ಕೆರೆಯ ನೀರು ಕೆಡಿಸಿದವರು

ಬೇಸಿಗೆ ಹಬ್ಬದ ಬೆಳಿಗ್ಗೆ ಹಬೆಕೋಣೆಯಿಂದ ಓಡಿಬಂದು ಪಿಲ್ಲಿ ಕೆರೆಗೆ ಧುಮುಕಿದ ಊರಿನ ಮುಖ್ಯಸ್ಥೆ ಸಲ್ಮೆ ಮೇಲೆದ್ದಾಗ ತಲೆಯಿಂದ ಕಾಲಿನವರೆಗೆ ಹಸಿರಾಗಿದ್ದಳು.

ತಳದ ಕಲ್ಲುಗಳನ್ನು ಎಣಿಸಬಹುದಾದಷ್ಟು ತಿಳಿಯಾಗಿದ್ದ ಕೆರೆ ಅದು. ಇಡೀ ಎಸ್ಟೋನಿಯಾದಲ್ಲಿ ಇಂಥ ಇನ್ನೊಂದು ಕೆರೆ ತೋರಿಸಿ ಎಂದು ಊರವರು ಎದೆಯುಬ್ಬಿಸಿ ಹೇಳುತ್ತಿದ್ದರು. ಈಗ ಅದು ಸೊಪ್ಪು ಅರೆದ ನೀರಿನಂತಿತ್ತು. ಯಾರು ಕೆಡಿಸಿದರು ಎಂದು ಊರು ಮಧ್ಯಾಹ್ನದೊಳಗೇ ತೀರ್ಮಾನಿಸಿಬಿಟ್ಟಿತು. ದನದ ಎಲ್ಮಾರ್. ಅವನ ಹತ್ತೊಂಬತ್ತು ಹಸುಗಳ ಸಗಣಿಯಲ್ಲದೆ ಇನ್ನೇನು? ಸೋಮವಾರದೊಳಗೆ ದನಗಳನ್ನು ದಡದಿಂದ ತೆರವು ಮಾಡಬೇಕೆಂಬ ಆದೇಶವನ್ನು ಸಲ್ಮೆ ಬರೆಸಿಯೂ ಆಯಿತು. ಎಲ್ಮಾರನಿಗೆ ಬೇರೆ ಹುಲ್ಲುಗಾವಲಿರಲಿಲ್ಲ. ಆದೇಶ ಜಾರಿಯಾದರೆ ಅವನು ಹಸುಗಳನ್ನು ಮಾರಲೇಬೇಕಿತ್ತು.

ಮೀನುಗಾರಿಕೆ ಇನ್ಸ್‌ಪೆಕ್ಟರ್ ಲೈನೆ ಬಂದದ್ದು ಶುಕ್ರವಾರ. ಇಪ್ಪತ್ತಾರು ವರ್ಷ ಕೆರೆಗಳನ್ನೇ ನೋಡಿದ ಹೆಂಗಸು. ಊರೆಲ್ಲ ಒಂದೇ ಬೆರಳು ತೋರಿಸಿದರೆ ಅವಳಿಗೆ ಮೊದಲು ಅನುಮಾನ ಬರುತ್ತಿದ್ದುದು ಆ ಬೆರಳಿನ ಮೇಲೆಯೇ.

"ನೀವೇನೂ ಹೇಳೋದಿಲ್ವಾ?" ಎಂದು ಅವಳು ಎಲ್ಮಾರನನ್ನು ಕೇಳಿದಳು.

"ಏನ್ ಹೇಳ್ಲಿ? ನಮ್ಮಜ್ಜನ ಕಾಲದಿಂದ ಇಲ್ಲೇ ದನ ಮೇಯಿಸ್ತಿದೀವಿ. ಆಗೆಲ್ಲ ನೀರು ಕೆಟ್ಟಿತ್ತಾ?" ಎಲ್ಮಾರ್ ಹಾಲಿನ ಕ್ಯಾನ್ ತೊಳೆಯುತ್ತಲೇ ಇದ್ದ. "ನಾನು ಯಾರ ಮನೆ ಬಾಗಿಲಿಗೂ ಹೋಗಿ ಬೇಡೋನಲ್ಲ."

"ನೀರಿನ ಮಾದರಿ ಎಲ್ಲಿಂದ ತಗೊಂಡ್ರು?"

"ಗಾಳದವರ ಸಂಘದ ಕಟ್ಟೆಯಿಂದ. ನನ್ನ ಕಡೆ ಯಾರ್ ಬರ್ತಾರೆ? ಮೂಗು ಮುಚ್ಕೋತಾರೆ."

ಲೈನೆ ಮೂಗು ಮುಚ್ಚಲಿಲ್ಲ. ಸಗಣಿ ತುಳಿದುಕೊಂಡೇ ಎಲ್ಮಾರನ ದಡಕ್ಕೆ ತಾಗಿದ್ದ, ಕೆರೆಯ ಸಣ್ಣ ಕೊಲ್ಲಿಗೆ ಇಳಿದಳು. ಕೊಲ್ಲಿಗೂ ದೊಡ್ಡ ಕೆರೆಗೂ ನಡುವೆ ಹಳೆಯ ಮಣ್ಣಿನ ಏರಿ. ಏರಿಯೊಳಗಿನ ಕೊಳವೆಗೆ ಕಬ್ಬಿಣದ ಜಾಲರಿ — ನೀರು ಹಾಯುತ್ತದೆ, ಮೀನು ಹಾಯುವುದಿಲ್ಲ. ಅವಳು ಒಂದು ಗಾಜಿನ ಭರಣಿ ತುಂಬಿಕೊಂಡಳು. ಅದನ್ನು ಬೆಳಕಿಗೆ ಹಿಡಿದು ನೋಡಿದವಳು ಬಗ್ಗಿ, ಜೊಂಡಿನ ನಡುವೆ ಸುಳಿಯುತ್ತಿದ್ದ ಉದ್ದ ಮೂತಿಯ ಮೀನುಗಳನ್ನೂ ಗಮನಿಸಿದಳು.

ಅಲ್ಲಿಂದ ನೇರ ಸಂಘದ ದೋಣಿಮನೆಗೆ. ಅಧ್ಯಕ್ಷ ಆರ್ವೋ ಅವಳನ್ನು ಬರಮಾಡಿಕೊಂಡ. ಗೋಡೆಯ ತುಂಬ ಒಣಗಿಸಿದ ಪೈಕ್ ಮೀನಿನ ತಲೆಗಳು — ಉದ್ದ ಮೂತಿ, ಗರಗಸದಂಥ ಹಲ್ಲು.

"ನೋಡಿ ಇನ್ಸ್‌ಪೆಕ್ಟ್ರೇ, ಮೂರು ವರ್ಷದ್ದು. ನೂರಾ ನಲವತ್ತೊಂದು. ಜಿಲ್ಲೆಯಲ್ಲೇ ಯಾರ ಹತ್ರಾನೂ ಇಲ್ಲ."

"ಯಾವಾಗ ಹಿಡಿದದ್ದು?"

"ಸೆಪ್ಟೆಂಬರ್‌ನಲ್ಲಿ. ಗಾಳ ಹಾಕಿ, ನ್ಯಾಯವಾಗಿ."

"ಎಲ್ಲಾನೂ?"

"ಎಲ್ಲಾನೂ."

"ಒಂದು ಕೊಡ್ತೀರಾ?"

"ಒಂದ್ಯಾಕೆ, ದೊಡ್ಡವೇ ನಾಲ್ಕು ತಗೊಳ್ಳಿ." ಆರ್ವೋ ತಾನೇ ಏಣಿ ಹತ್ತಿ ಇಳಿಸಿಕೊಟ್ಟ. ಅವನ ಮುಖದಲ್ಲಿ ಅಳುಕಿನ ಸುಳಿವೂ ಇರಲಿಲ್ಲ.

ಹೋಗುವಾಗ ಲೈನೆ ಕಟ್ಟೆಯಿಂದ ಒಂದು ಬುಟ್ಟಿ ಮೀನು ಹಿಡಿಸಿಕೊಂಡಳು. ಎಲ್ಲವೂ ಬೆರಳುದ್ದದ ಬೆಳ್ಳಿ ಮೀನು. ಹೊಟ್ಟೆ ಕೊಯ್ದು ನೋಡಿದಳು. ಆಮೇಲೆ ಪೈಕ್ ತಲೆಗಳ ಕಿವಿರಿನ ಹಿಂದಿನ ಮೂಳೆ ಬಿಡಿಸಿ, ಕುದಿಸಿ, ಭೂತಗನ್ನಡಿ ಹಿಡಿದು ಕೂತಳು.

ಸೋಮವಾರ ಬೆಳಿಗ್ಗೆ ಸಂಘದ ಕಟ್ಟೆಯ ಮೇಲೆ ಊರು ನೆರೆಯಿತು. ಸಲ್ಮೆಯ ಕೈಯಲ್ಲಿ ಆದೇಶದ ಕಾಗದ. ಎಲ್ಮಾರ್ ಟೋಪಿ ತೆಗೆಯದೆ ನೆಟ್ಟಗೆ ನಿಂತಿದ್ದ.

ಲೈನೆ ಎರಡು ಭರಣಿಗಳನ್ನು ಮೇಜಿನ ಮೇಲಿಟ್ಟಳು. ಒಂದು ಹಸಿರು. ಇನ್ನೊಂದು ತಿಳಿ.

"ಈ ತಿಳಿ ನೀರು ಎಲ್ಲಿಂದ?" ಸಲ್ಮೆ ಕೇಳಿದಳು.

"ಎಲ್ಮಾರರ ಹಸುಗಳು ನೀರು ಕುಡಿಯೋ ಜಾಗದಿಂದ. ಅದೇ ಸಗಣಿ, ಅದೇ ಬಿಸಿಲು. ಆದ್ರೂ ಅಲ್ಲಿ ನೀರು ತಿಳಿ. ವಾಸನೆಗೆ ಹೆದರಿ ನೀವ್ಯಾರೂ ಅಲ್ಲಿಗೆ ಹೋಗಿ ನೋಡ್ಲೇ ಇಲ್ಲ."

ಲೈನೆ ಪೈಕ್ ತಲೆಗಳಿಂದ ತೆಗೆದ ನಾಲ್ಕು ಮೂಳೆಗಳನ್ನೂ ಭರಣಿಗಳ ಪಕ್ಕದಲ್ಲಿಟ್ಟಳು.

"ಅಲ್ಲಿ ಇದ್ದು ಇಲ್ಲಿ ಇಲ್ಲದ್ದು ಒಂದೇ — ಪೈಕ್. ದೊಡ್ಡ ಕೆರೆಯಲ್ಲಿ ಮೂರು ದಿನ ಬಲೆ ಹಾಕಿಸಿದೆ. ಒಂದೂ ಸಿಗಲಿಲ್ಲ. ಪೈಕ್ ಇದ್ರೆ ಈ ಬೆಳ್ಳಿ ಮೀನು ಮಿತಿಯಲ್ಲಿರತ್ತೆ, ಜೊಂಡು ಬಿಟ್ಟು ಆಚೆ ಬರೋಕೆ ಹೆದರತ್ತೆ. ಪೈಕ್ ಇಲ್ದಿದ್ರೆ? ಲೆಕ್ಕವಿಲ್ಲದಷ್ಟು ಹುಟ್ಟಿ ನೀರಿನ ಚಿಗಟ ಅನ್ನೋ ಚುಕ್ಕಿಯಷ್ಟು ಸಣ್ಣ ಹುಳುಗಳನ್ನೆಲ್ಲ ತಿಂದು ಮುಗಿಸತ್ತೆ. ನಾನು ಕೊಯ್ದ ಹೊಟ್ಟೆ ತುಂಬ ಅವೇ. ಪಾಚಿಯನ್ನ ಮೇಯ್ತಿದ್ದದ್ದು ಆ ಚಿಗಟಗಳು. ಮೇಯೋರು ಹೋದ ಮೇಲೆ ಪಾಚಿಗೆ ಅಡ್ಡಿ ಯಾರು?"

"ಹಾಗಾದ್ರೆ ಪೈಕ್‌ಗಳನ್ನ ಯಾರು—" ಎಂದಳು ಸಲ್ಮೆ.

"ಸೆಪ್ಟೆಂಬರ್‌ನಲ್ಲಿ ಗಾಳಕ್ಕೆ ಬಿದ್ದ ಪೈಕ್ ಮೂಳೆಯ ಅಂಚಲ್ಲಿ ಬೇಸಿಗೆಯ ಅಗಲ ಪಟ್ಟಿ ಇರಬೇಕು; ಮರದ ಹಾಗೆ ಮೀನಿನ ಮೂಳೆಯಲ್ಲೂ ವರ್ಷವರ್ಷ ಬಳೆ ಬೆಳೆಯತ್ತೆ. ಈ ನಾಲ್ಕರ ಅಂಚಲ್ಲೂ ಇರೋದು ಚಳಿಗಾಲದ ಸಣ್ಣ ಗೆರೆ. ಇವು ಸತ್ತದ್ದು ಏಪ್ರಿಲ್‌ನಲ್ಲಿ. ಮೊಟ್ಟೆಯಿಡೋಕೆ ಮುಳುಗಿದ ಹುಲ್ಲುಗಾವಲಿಗೆ ಸಾಲಾಗಿ ಹೋಗೋ ತಾಯಿಮೀನುಗಳು. ಹಿಡಿಯೋದು ನಿಷೇಧ ಇರೋ ಹೊತ್ತಲ್ಲಿ, ಅವು ಹೋಗೋ ಕಾಲುವೆಗೆ ಅಡ್ಡ ಬಲೆ ಕಟ್ಟಿ ಹಿಡಿದದ್ದು. ಅಲ್ವಾ ಆರ್ವೋ ಅವ್ರೇ?"

ಆರ್ವೋ ತಲೆ ತಗ್ಗಿಸಲಿಲ್ಲ. "ಹೌದು, ನಾನೇ. ಮುಚ್ಚಿಡೋದೇನಿದೆ? ಪೈಕ್ ಅಂದ್ರೆ ದರೋಡೆಕೋರ. ನಮ್ಮ ಮೀನೆಲ್ಲ ಅದ್ರ ಹೊಟ್ಟೆಗೆ ಹೋಗ್ತಿತ್ತು. ಈ ಊರಿನ ಕೆರೆಗೋಸ್ಕರ ಮಾಡಿದೆ. ಈ ವರ್ಷ ಗಾಳ ಹಾಕಿದೋರಿಗೆಲ್ಲ ಮೀನು ಸಿಕ್ಕಿಲ್ವಾ?"

"ಸಿಕ್ಕಿದೆ ಕಣೋ," ಎಂದ ಎಲ್ಮಾರ್. "ಬೆಕ್ಕಿಗೆ ಹಾಕೋಕೆ."

ಕಟ್ಟೆ ನಕ್ಕಿತು. ಆರ್ವೋ ಮೊದಲ ಬಾರಿಗೆ ತಿರುಗಿ ಕೆರೆಯನ್ನು ನೋಡಿದ. ಈಜು ಕಲಿತದ್ದು, ಮಗಳಿಗೆ ಕಲಿಸಿದ್ದು ಇದೇ ನೀರಿನಲ್ಲಿ. ಅವನ ಮುಖ ಬಿಳಿಚಿಕೊಂಡಿತು. ಅವನ ಮೇಲೆ ಪ್ರಕರಣ ದಾಖಲಿಸಲೇಬೇಕಿದ್ದ ಲೈನೆಗೂ ಆ ಗಳಿಗೆಯಲ್ಲಿ ಪಾಪ ಅನ್ನಿಸಿತು.

"ಇದಕ್ಕೆ ದಾರಿ ಇಲ್ವಾ?" ಅವನ ದನಿ ಕುಗ್ಗಿತ್ತು.

"ಇದೆ. ಪೈಕ್ ಮತ್ತೆ ಬರಬೇಕು. ಹತ್ತಿರ ಇರೋದು ಒಂದೇ ಕಡೆ."

ಎಲ್ಲರೂ ಎಲ್ಮಾರನತ್ತ ತಿರುಗಿದರು. ವಾರವಿಡೀ ಅವನಿಗೆ ನಮಸ್ಕಾರ ಹೇಳದವರು.

ಎಲ್ಮಾರ್ ಅವಸರ ಮಾಡಲಿಲ್ಲ. "ಮರಿ ಕೊಡಲ್ಲ," ಎಂದ. ಸಲ್ಮೆಯ ಮುಖ ಸಪ್ಪಗಾಯಿತು. "ತಾಯಿಮೀನುಗಳನ್ನೇ ಕೊಡ್ತೀನಿ. ನನ್ನ ಕೊಲ್ಲಿಯವು ತೋಳುದ್ದ ಇದಾವೆ. ಆರ್ವೋ, ಬಲೆ ನಿಂದು, ಬೆನ್ನೂ ನಿಂದು. ಹೊತ್ಕೊಂಡು ಹೋಗಿ ಬಿಡು. ಒಂದೂ ಸಾಯಬಾರದು."

ಆರ್ವೋ ತಲೆಯಾಡಿಸಿದ. ಇಂಥವರಿರುವ ನಾಡಿನ ಕೆರೆ ಕಾಯುವ ಕೆಲಸ ತನ್ನದೆಂದು ಲೈನೆಗೆ ಹೆಮ್ಮೆಯೆನ್ನಿಸಿತು.

ಸಲ್ಮೆ ಆದೇಶದ ಕಾಗದ ಹರಿಯಲು ಹೋದಳು.

"ಹರೀಬೇಡಿ," ಎಂದು ಎಲ್ಮಾರ್ ಕೈ ಚಾಚಿದ. "ಕೆಳಗೆ ಬರೆದು, ಸಹಿ ಹಾಕಿ ಕೊಡಿ — ಎಲ್ಮಾರನ ದನ ನಿಂತಲ್ಲಿ ನೀರು ತಿಳಿಯಾಗಿತ್ತು ಅಂತ."

ಸಲ್ಮೆ ಪೆನ್ನು ಹುಡುಕಿದಳು. ಎಲ್ಲರೂ ನೋಡುತ್ತಿರುವಂತೆಯೇ ಬರೆದುಕೊಟ್ಟಳು.