ಕಾಸರಕದ ಹಾಲು

2025ರ ಜುಲೈ 8, ಮಂಗಳವಾರ ಬೆಳಿಗ್ಗೆ 9.20ಕ್ಕೆ ಮಾಸೂರಿನ ಮೈಲಾರಿ ಹಿರೇಕೆರೂರು ಠಾಣೆಗೆ ಬಂದು ದೂರು ಬರೆಸಿದ. ಹಿಂದಿನ ದಿನ ಅವನ ಅಪ್ಪ ಕನಕಪ್ಪ, ಊರ ವೈದ್ಯ ಬಸವಣ್ಣೆಪ್ಪ ಸೊಂಟನೋವಿಗೆ ಕೊಟ್ಟ ಕಾಸರಕದ ಬೀಜದ ಪುಡಿ ತಿಂದು, ಮೈಯೆಲ್ಲ ಸೆಟೆದು, ಆಸ್ಪತ್ರೆ ಮುಟ್ಟುವ ಮೊದಲೇ ಸತ್ತಿದ್ದ.

"ಅಪ್ಪ ಎರಡು ವರ್ಷದಿಂದ ಅದನ್ನ ತಿಂತಿದ್ದರಿ. ಈ ಸಲದ ಪುಡಿಯೊಳಗ ಏನಿತ್ತು, ಅಷ್ಟ ಹೇಳ್ರಿ ನನಗ," ಅಂದ.

ಪಿಎಸ್‌ಐ ಮಧುಶ್ರೀ ನಿರ್ಲಕ್ಷ್ಯದಿಂದ ಸಾವು ಎಂಬ ಕಲಮಿನಡಿ ಎಫ್‌ಐಆರ್ ದಾಖಲಿಸಿದಳು. ವೈದ್ಯನ ಹೆಸರು ಬರೆಯುವಾಗ ಅವಳ ಕೈ ತಡೆಯಿತು. ಅದೇ ಪುಡಿಯಿಂದ ಅವಳ ಅವ್ವ ಕೋಲು ಬಿಟ್ಟು ನಡೆದಿದ್ದಳು.

ಮಧ್ಯಾಹ್ನ 12.15ಕ್ಕೆ ಬಸವಣ್ಣೆಪ್ಪನ ಹಿತ್ತಲಲ್ಲಿ ಪಂಚನಾಮೆ ಆಯಿತು. ಮುದುಕ ಎಲ್ಲ ವಿವರಿಸಿದ. ಕಾಸರಕದ ಬೀಜ ಹುಟ್ಟಾ ವಿಷ. ಏಳು ದಿನ ಗೋಮೂತ್ರದಲ್ಲಿ ನೆನೆಸಿ, ಸಿಪ್ಪೆ ತೆಗೆದು, ಮೂರು ದಿನ ಹಸುವಿನ ಹಾಲಲ್ಲಿ ಕುದಿಸಿದರೆ ವಿಷ ಇಳಿದು ಮದ್ದಾಗುತ್ತದೆ. ವಿಷ ಹೀರಿದ ಆ ಹಾಲನ್ನು ನಾಯಿಯೂ ನೆಕ್ಕದಂತೆ ಗುಂಡಿಗೆ ಸುರಿದು, ಮೇಲೆ ಬೂದಿ ಮುಚ್ಚುವುದು ಅವರ ಮನೆತನದ ಕಟ್ಟಳೆ. ಈ ಕೆಲಸವೆಲ್ಲ ಹತ್ತು ವರ್ಷದಿಂದ ಅವನ ಮನೆಯ ಕೆಲಸದಾಕೆ ಶಾರವ್ವನದು. ಹಿಂದಿನ ವಾರ ಹಾಲು ತಾನೇ ಅಳೆದು ಕೊಟ್ಟೆನೆಂದು ಅವನು ಹೇಳಿದ. ಕುದಿಸಿ ಗುಂಡಿಗೆ ಸುರಿದೆನೆಂದು ಶಾರವ್ವ ಹೇಳಿದಳು.

ಪೇದೆ ಫಕ್ಕೀರೇಶನಿಗೆ ಕಂಡದ್ದನ್ನೆಲ್ಲ ಬರೆಯುವ ಚಟ. ಅವನ ಪಂಚನಾಮೆ ಓದಿದರೆ ಊರ ಕೋಳಿಗಳ ಲೆಕ್ಕವೂ ಸಿಗುತ್ತದೆಂದು ಠಾಣೆಯಲ್ಲಿ ಚೇಷ್ಟೆ ಮಾಡುತ್ತಿದ್ದರು. ಅವತ್ತೂ ನಾಲ್ಕು ಪುಟ ತುಂಬಿಸಿದ. ವೈದ್ಯನಲ್ಲಿದ್ದ ಹಸಿ ಬೀಜ, ಕನಕಪ್ಪನ ಮನೆಯ ಗೋಡೆಯ ಮಾಡದಲ್ಲಿ ಉಳಿದಿದ್ದ ಹಳೆಯ ಪೊಟ್ಟಣ, ಈ ಸಲದ ಪೊಟ್ಟಣ, ಮೂರನ್ನೂ ಸೀಲು ಮಾಡಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದರು.

ವರದಿ ಬಂದದ್ದು ಆಗಸ್ಟ್ 21ಕ್ಕೆ. ಅದರೊಳಗಿನ ಗೆರೆಗಳು ಅರ್ಥವಾಗದೆ ಮಧುಶ್ರೀ ಫೋನು ಮಾಡಿದಳು. ತಜ್ಞ ಫಯಾಜ ಬೇಸರಿಸದೆ ತಿಳಿಸಿದ. ಕ್ರೊಮ್ಯಾಟೋಗ್ರಫಿ ಯಂತ್ರದಲ್ಲಿ ಪುಡಿಯ ಸಾರವನ್ನು ಸಣ್ಣ ಕೊಳವೆಯಲ್ಲಿ ಹಾಯಿಸುತ್ತಾರೆ. ಒಂದೊಂದು ಅಂಶ ತನ್ನದೇ ಹೊತ್ತಿಗೆ ಹೊರಬಂದು, ಹಾಳೆಯ ಮೇಲೆ ಒಂದೊಂದು ಗುಡ್ಡವಾಗಿ ಮೂಡುತ್ತದೆ. ಗುಡ್ಡ ದೊಡ್ಡದಾದಷ್ಟೂ ಅಂಶ ಹೆಚ್ಚು. ಹಳೆಯ ಪೊಟ್ಟಣದಲ್ಲಿ ಸ್ಟ್ರಿಕ್ನಿನ್ ವಿಷದ ಗುಡ್ಡ ಚಿಕ್ಕದು. ಹೊಸದರಲ್ಲಿ ಹೆಚ್ಚುಕಡಿಮೆ ಹಸಿ ಬೀಜದಷ್ಟೇ.

"ಹಾಲಾಗ ಕುದ್ದಿಲ್ಲೇನ್ರಿ ಹಂಗಾರ?"

"ಕುದ್ದಿದ್ರ ಇಷ್ಟು ಉಳೀತಿರಲಿಲ್ರಿ ಮೇಡಂ."

ಅವಳು ಫಕ್ಕೀರೇಶನ ಪಂಚನಾಮೆ ತೆರೆದಳು. ಮೂರನೇ ಪುಟದಲ್ಲಿ ಇತ್ತು: 'ಗುಂಡಿಯ ಬೂದಿಯ ಮೇಲೆ ಗೇಣುದ್ದ ಹುಲ್ಲು ಬೆಳೆದಿದೆ.' ಹಿಂದಿನ ವಾರ ಹಾಲು ಸುರಿದು ಹೊಸ ಬೂದಿ ಮುಚ್ಚಿದ್ದರೆ ಅಷ್ಟು ಹುಲ್ಲು ಇರುವಂತಿರಲಿಲ್ಲ.

ಅದೇ ದಿನ ಮಧ್ಯಾಹ್ನ 2.30ಕ್ಕೆ ಶಾರವ್ವನನ್ನು ಠಾಣೆಗೆ ಕರೆಸಿದರು.

"ಹಾಲು ಏನ್ ಮಾಡಿದ್ರಿ?"



"ಬೀಜ ಹಾಕೂ ಮೊದಲ ಮನಿಗೆ ಒಯ್ದೆರಿ. ಮಣ್ಣಿಗೆ ಹೋಗೋ ಹಾಲು, ಅಕ್ಕಾರ. ಮಗಳು ಬಾಣಂತಿ, ಎದಿಹಾಲು ಬತ್ತಿ ಕೂಸು ಅಳತಿತ್ತು, ಆಕಿಗೆ ಕುಡಿಸಿದೆ. ಬೀಜ ನೀರಾಗ ಕುದಿಸಿದೆ. ಕುದ್ದರ ಆತು, ಹಾಲೇನು ನೀರೇನು ಅಂದ್ಕೊಂಡೆ."

ಕನಕಪ್ಪ ಸತ್ತ ಮೇಲೆ ಮೂರು ದಿನವೂ ಅವನ ಮನೆಗೆ ರೊಟ್ಟಿ ಬಡಿದು ಒಯ್ದವಳು ಅವಳೇ.

3.40ಕ್ಕೆ ಬಂಧನ. ಪರವಾನಗಿ ಇಲ್ಲದೆ ಮದ್ದು ಕೊಟ್ಟ ಬಸವಣ್ಣೆಪ್ಪ ಎರಡನೇ ಆರೋಪಿಯಾದ. ಸುದ್ದಿ ಕೇಳಿದ ಮೈಲಾರಿ ಯಾರನ್ನೂ ಬೈಯಲಿಲ್ಲ, ಗೋಡೆಗೆ ಒರಗಿ ಕುಳಿತುಬಿಟ್ಟ. ಜಾಮೀನು ಸಿಗುವ ಕಲಮು ಎಂದು ಮಧುಶ್ರೀ ಶಾರವ್ವನಿಗೆ ಹೇಳಿದಳು. ಅದು ಶಾರವ್ವನ ಕಿವಿಗೆ ಬಿದ್ದಂತೆ ಕಾಣಲಿಲ್ಲ.

"ಮಗಳು ಮಾಲಾನ ಮುಂದ ಹಾಲಿನ ಮಾತು ಹೇಳಬ್ಯಾಡ್ರಿ. ಆಕಿ ಎದಿ ಮತ್ತ ಬತ್ತತೈತಿ."

ಆದರೆ ಬಂಧನದ ಕಾರಣವನ್ನು ಮನೆಯವರಿಗೆ ಬರೆದೇ ಕೊಡಬೇಕು. ಮಧುಶ್ರೀ ಪೆನ್ನು ಹಿಡಿದು ಕೂತಳು, ಬೇರೆ ಮಾತು ಸಿಗಲಿಲ್ಲ, ಇದ್ದದ್ದನ್ನೇ ಬರೆದಳು. ತನಿಖೆ ಸರಿಯಾಗಿ ಮುಗಿದಿತ್ತು.

ಕೂಸನ್ನು ಎತ್ತಿಕೊಂಡು ಬಂದ ಮಾಲಾ ಕಾಗದವನ್ನು ಕೊನೆಯವರೆಗೂ ಓದಿದಳು.

"ಬಸವಣ್ಣೆಪ್ಪಜ್ಜಾರ ನಿನಗಂತ ಕೊಟ್ಟಾರ ಅಂದಿದ್ಲರಿ ಅವ್ವ," ಅಂದಳು. ಆಮೇಲೆ ಕೇಳಿದಳು, "ಎಷ್ಟು ದಿನದ ಹಾಲ್ರಿ?"

"ಮೂರು ದಿನದ್ದು."

ಕೂಸು ಎಚ್ಚರಾಗಿ ಅಳತೊಡಗಿತು. ಮಾಲಾ ಅದಕ್ಕೆ ಮೊಲೆ ಕೊಡದೆ ಕಾಗದ ಹಿಡಿದು ನಿಂತೇ ಇದ್ದಳು.