ಟೋಪಿಯವನ ಥೈರಾಯ್ಡ್

"ಬೇರೆ ಯಾವ್ದಾದ್ರೂ ಮಾತ್ರೆ ತಗೋತಿದೀರಾ?"

"ಇಲ್ಲ ಮೇಡಂ."

ಮೂರನೇ ಸಲ ಕೇಳಿದ್ದೆ, ಮೂರನೇ ಸಲವೂ ಅದೇ ಉತ್ತರ. ಉತ್ತರ ಕೊಡುವಾಗ ಅವನು ನನ್ನ ಮುಖ ನೋಡಲಿಲ್ಲ. ಟೋಪಿಯನ್ನು ಹಣೆಯ ಮೇಲೆ ಇನ್ನಷ್ಟು ಎಳೆದುಕೊಂಡ. ನಾನು ಅವನ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದೆ, ಸ್ವಲ್ಪ ಬಿಗಿಯಾಗಿಯೇ.

ಇವನು ನಮ್ಮ ಲ್ಯಾಬಿನ ಫ್ರಿಜ್‌ಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್. ನಾನು ಇಲ್ಲಿ ಹಾರ್ಮೋನು ಪರೀಕ್ಷೆ ಮಾಡುವವಳು. ರೋಗಿಯಾಗುವುದಕ್ಕೆ ಮುಂಚೆ ಇವನು ನನ್ನ ತಲೆ ತಿನ್ನುತ್ತಿದ್ದದ್ದು ಬರೀ ಫ್ರಿಜ್ಜಿನ ನೆಪದಲ್ಲಿ. ಸರಿಯಾಗಿರುವುದನ್ನೂ "ಒಂದ್ಸಲ ನೋಡಿಬಿಡ್ತೀನಿ" ಎಂದು ಬಿಚ್ಚಿ ಕೂರುತ್ತಿದ್ದ. ನಾನು ಹತ್ತಿರ ಹೋದರೆ ಸ್ಕ್ರೂಡ್ರೈವರ್ ಹಿಡಿದ ಕೈ ನಡುಗುತ್ತಿತ್ತು, ಆ ತಣ್ಣನೆಯ ಕೋಣೆಯಲ್ಲೂ ಬೆವರುತ್ತಿದ್ದ, ಕತ್ತಿನ ನರ ಪಟಪಟ ಹೊಡೆದುಕೊಳ್ಳುತ್ತಿತ್ತು. ಓದಿದ್ದೆಲ್ಲ ನೆನಪಾಗಿ, ಇದು ಥೈರಾಯ್ಡೇ ಎಂದು ನಾನೇ ತೀರ್ಮಾನಿಸಿ ಅವನನ್ನು ಕುರ್ಚಿಗೆ ಎಳೆದು ಕೂರಿಸಿದೆ. ಬೇರೆ ಕಾರಣವೂ ಇರಬಹುದೆಂದು ಹೊಳೆಯಲೇ ಇಲ್ಲ. ನನಗೆ ರಕ್ತ ಕಂಡಷ್ಟು ಬೇಗ ಮನುಷ್ಯರು ಕಾಣುವುದಿಲ್ಲ ಎಂದು ನಮ್ಮಕ್ಕ ಆಡಿಕೊಳ್ಳುತ್ತಾಳೆ.

ರಿಪೋರ್ಟೂ ನನ್ನ ಮಾತನ್ನೇ ಹೇಳಿತು. ಎರಡನೆಯದೂ ಹಾಗೇ. ಇನ್ನೊಂದು ಸಲ ಹೀಗೇ ಬಂದರೆ ಸೋಮವಾರದಿಂದ ಥೈರಾಯ್ಡ್ ಗ್ರಂಥಿಯ ಓಟ ತಗ್ಗಿಸುವ ಮಾತ್ರೆ ಶುರು ಎಂದು ಡಾಕ್ಟರಮ್ಮ ಹೇಳಿಬಿಟ್ಟರು. ಅದು ಸುಮ್ಮನೆ ನುಂಗುವಂಥ ಮಾತ್ರೆಯಲ್ಲ. ಆ ಮಾತು ಕೇಳಿದಾಗಿನಿಂದ ನನಗೆ ಊಟ ಸೇರುತ್ತಿರಲಿಲ್ಲ. ಒಬ್ಬ ಫ್ರಿಜ್ ಮೆಕ್ಯಾನಿಕ್‌ಗೋಸ್ಕರ ನನಗ್ಯಾಕೆ ಊಟ ಸೇರಬಾರದು ಎಂದು ಅದಕ್ಕೊಂದು ಸಿಟ್ಟು ಬೇರೆ.

ರಕ್ತ ತೆಗೆದು ಹತ್ತಿ ಒತ್ತಿ ಹಿಡಿದೆ. ಈ ಕಾಯಿಲೆ ಅಂದರೆ ಏನು ಎಂದು ಅವನು ಮೆಲ್ಲಗೆ ಕೇಳಿದ.

ಅವನಿಗೆ ತಿಳಿಯುವ ಹಾಗೆ ಹೇಳಿದೆ. ಕತ್ತಿನಲ್ಲಿರುವ ಥೈರಾಯ್ಡ್ ಒಂದು ಮೋಟರ್ ಇದ್ದಂತೆ. ಮೈಯ ಬಿಸಿ, ಎದೆಯ ವೇಗ, ತಿಂದದ್ದು ಕರಗುವ ಗತಿ ಎಲ್ಲ ಅದರ ಕೈಯಲ್ಲಿ. ಮೆದುಳಿನ ಅಡಿಯಲ್ಲಿ ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಅದರ ಥರ್ಮೋಸ್ಟಾಟ್. ಹಾರ್ಮೋನು ಕಡಿಮೆಯಾದರೆ ಓಡು ಎಂದು ಅಪ್ಪಣೆ ಕಳಿಸುತ್ತದೆ, ಹೆಚ್ಚಾದರೆ ಬಾಯಿ ಮುಚ್ಚಿಕೊಳ್ಳುತ್ತದೆ. ನಿಮ್ಮ ರಕ್ತದಲ್ಲಿ ಹಾರ್ಮೋನು ತುಂಬಿ ತುಳುಕುತ್ತಿದೆ, ಅಪ್ಪಣೆಯ ಸುಳಿವೇ ಇಲ್ಲ ಎಂದೆ.

ಅವನು ಯೋಚನೆಗೆ ಬಿದ್ದ. ತೂಕ ಒಂದಿಷ್ಟೂ ಇಳಿದಿಲ್ಲ, ಮಲಗಿದರೆ ಅಮ್ಮ ನೀರು ಚಿಮುಕಿಸಿ ಎಬ್ಬಿಸಬೇಕು, ಮೋಟರ್ ಅಷ್ಟು ಜೋರಾಗಿ ಓಡುತ್ತಿದ್ದರೆ ಇದು ಹೇಗೆ ಎಂದ.

"ಒಳಗೆ ಬೆಣ್ಣೆ ಗಟ್ಟಿಯಾಗೇ ಇದ್ದು, ಮೀಟರ್ ಮಾತ್ರ ಬಿಸಿ ತೋರಿಸ್ತಿದ್ರೆ ನಾನು ಮೋಟರ್ ಮುಟ್ಟೋದೇ ಇಲ್ಲ ಮೇಡಂ. ಮೀಟರ್ ಪಕ್ಕ ಯಾರೋ ಏನೋ ಬಿಸಿದು ಇಟ್ಟಿರ್ತಾರೆ."

ನಾನು ಹತ್ತಿ ಹಿಡಿದುಕೊಂಡೇ ನಿಂತೆ. ಬೇರೆಯವರ ರಿಪೋರ್ಟುಗಳೆಲ್ಲ ಸರಿಯಾಗಿ ಬರುತ್ತಿದ್ದವು, ಅಂದರೆ ಪರೀಕ್ಷೆಯ ಯಂತ್ರ ಕೆಟ್ಟಿಲ್ಲ. ಹಾಗಾದರೆ ಯಂತ್ರವನ್ನು ದಾರಿ ತಪ್ಪಿಸುವಂಥದ್ದು ಇವನ ರಕ್ತದಲ್ಲೇ ಇರಬೇಕು. ನಮ್ಮ ಯಂತ್ರ ಹಾರ್ಮೋನನ್ನು ಹಿಡಿಯಲು ಬಯೋಟಿನ್ ಎಂಬ ವಿಟಮಿನ್ನನ್ನೇ ಅಂಟಿನಂತೆ ಬಳಸುತ್ತದೆ. ಅದನ್ನೇ ಯಾರಾದರೂ ರಾಶಿ ರಾಶಿ ನುಂಗಿ ಬಂದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಅದನ್ನು ಹಾಗೆ ನುಂಗುವವರು ಯಾರೆಂದು ಯೋಚಿಸುತ್ತಿದ್ದ ನನ್ನ ಕಣ್ಣು ಅವನ ಟೋಪಿಯ ಮೇಲೆ ನಿಂತಿತು.

"ಟೋಪಿ ತೆಗೀರಿ."

"ಯಾಕೆ ಮೇಡಂ?"

"ತೆಗೀರಿ ಅಂದ್ನಲ್ಲ."

ತೆಗೆದ. ನಡುನೆತ್ತಿಯಲ್ಲಿ ಅಂಗೈಯಗಲದ ಬಯಲು. ಅವನ ಕಿವಿಗಳು ಕೆಂಪಾಗಿದ್ದವು. ನನ್ನ ಕಣ್ಣಿಗೆ ಆ ಬೋಳುತಲೆ ಚೆಂದವಾಗಿಯೇ ಕಂಡಿತು, ಆದರೆ ಅದನ್ನು ಹೇಳುವ ಹೊತ್ತು ಅದಾಗಿರಲಿಲ್ಲ.

"ಕೂದಲಿಗೆ ಏನು ನುಂಗ್ತಿದೀರಾ?"

"ಅದು ಮಾತ್ರೆ ಅಲ್ಲ ಮೇಡಂ, ವಿಟಮಿನ್ನು. ಬೇಗ ಬರ್ಲಿ ಅಂತ ಸ್ವಲ್ಪ ಜಾಸ್ತಿ ತಗೋತಿದ್ದೆ."

ತಲೆ ಚಚ್ಚಿಕೊಳ್ಳುವುದೊಂದು ಬಾಕಿಯಿತ್ತು. ಬೈದು ಬೈದು ಬಾಯಿ ಬಿಡಿಸಿದೆ. ಒಂದು ದಿನ ಇವನು ಫ್ರಿಜ್ಜಿನ ಹಿಂದೆ ಕೂತು ಕೆಲಸ ಮಾಡುತ್ತಿದ್ದಾಗ, ಯಂತ್ರದ ಕಂಪನಿಯ ಸೇಲ್ಸ್‌ನವನು ಬಂದು ಹೋಗಿದ್ದನಂತೆ. ನಾನು ಅಕ್ಕನಿಗೆ ಫೋನಿನಲ್ಲಿ, ಅವನ ಕೂದಲು ಎಷ್ಟು ಚೆನ್ನಾಗಿದೆ ಗೊತ್ತಾ ಅಂದೆನಂತೆ. ಅಷ್ಟರಲ್ಲಿ ಇವನು ಸ್ವಿಚ್ ಹಾಕಿದ್ದರಿಂದ ಮೋಟರ್ ಗುರ್ ಎಂದು, ಮುಂದಿನದು ಕೇಳಿಸಲಿಲ್ಲವಂತೆ. ಅಂದು ಸಂಜೆಯೇ ಡಬ್ಬಿ ತಂದು ನುಂಗಲು ಶುರು ಮಾಡಿದ್ದ.

ಮುಂದೆ ನಾನು ಏನು ಹೇಳಿದ್ದೆನೆಂದು ನನಗೆ ಚೆನ್ನಾಗಿ ನೆನಪಿತ್ತು. ಆದರೆ ಸುಳ್ಳು ಹೇಳಿ ನನ್ನ ಊಟ ಕೆಡಿಸಿದವನಿಗೆ ಅದನ್ನು ಅಷ್ಟು ಸುಲಭವಾಗಿ ಹೇಳಲು ಮನಸ್ಸಾಗಲಿಲ್ಲ. ಡಾಕ್ಟರಮ್ಮನ ಹತ್ತಿರ ಹೋಗಿ ವಿಷಯ ತಿಳಿಸಿದೆ. ಅವರು ನಕ್ಕು, ಸೋಮವಾರದ ಮಾತ್ರೆ ಬೇಡ, ಆ ಡಬ್ಬಿ ಬಿಡಿಸಿ ಮತ್ತೆ ರಕ್ತ ನೋಡಿ ಎಂದರು.

ಮರುವಾರದ ರಿಪೋರ್ಟಿನಲ್ಲಿ ಎಲ್ಲ ಸರಿಯಿತ್ತು. ಅವನು ಟೋಪಿ ಹಾಕದೆ ಬಂದಿದ್ದ. ಕಾಯಿಲೆ ಇಲ್ಲ, ಯಾವತ್ತೂ ಇರಲಿಲ್ಲ ಎಂದು ರಿಪೋರ್ಟ್ ಕೈಗಿಟ್ಟೆ. ಖುಷಿಪಡುವುದು ಬಿಟ್ಟು ಮುಖ ಸಪ್ಪಗೆ ಮಾಡಿಕೊಂಡ.

"ಕಾಯಿಲೆ ಇಲ್ಲಾಂದ್ರೆ, ಇಲ್ಲಿಗೆ ಬಂದ್ರೆ ಸಾಕು ಎದೆ ಹಿಂಗೆ ಹೊಡ್ಕೊಳ್ಳುತ್ತಲ್ಲ, ಇದೇನು?"

ಇಷ್ಟೆಲ್ಲ ಪಾಠ ಹೇಳಿದ ಮೇಲೂ ಈ ಪ್ರಶ್ನೆ. "ಕಿಡ್ನಿಗಳ ಮೇಲೆ ಟೋಪಿ ಥರ ಎರಡು ಪುಟ್ಟ ಗ್ರಂಥಿ ಕೂತಿವೆ. ಹೆದರಿಕೆ ಆದ್ರೂ ಅವೇ ಎದೆ ಓಡ್ಸೋದು, ಇಷ್ಟ ಆದ್ರೂ ಅವೇ. ನಿಮ್ಗೆ ಯಾವ್ದು?"

"ಎರಡೂ," ಎಂದ. ಈ ಸಲ ನನ್ನ ಮುಖ ನೋಡಿಕೊಂಡೇ ಹೇಳಿದ.

ರಬ್ಬರ್ ಗ್ಲೌಸಿನೊಳಗೆ ನನ್ನ ಅಂಗೈ ಬೆವರುತ್ತಿತ್ತು. ಇನ್ನು ತಡೆದುಕೊಳ್ಳಲಾಗಲಿಲ್ಲ. ಅವತ್ತು ಫೋನಿನಲ್ಲಿ ಕೊನೆಗೆ ಹೇಳಿದ್ದನ್ನು ಶುರು ಮಾಡಿದೆ. "ಅವನ್ದು ಕೂದಲೊಂದೇ ಚೆನ್ನಾಗಿರೋದು, ಬಾಯಿಬಿಟ್ರೆ ಬರೀ ಬೊಗಳೆ. ಅವನಿಗಿಂತ ನಮ್ಮ..."

ಫ್ರಿಜ್ಜಿನ ಮೋಟರ್ ಗುರ್ ಎಂದಿತು. ನಾನು ಹೇಳಿ ಮುಗಿಸಿದ್ದೆ, ಅವನಿಗೆ ಕೇಳಿಸಲಿಲ್ಲ. ಒಂದೇ ನೆಗೆತಕ್ಕೆ ಹೋಗಿ ಪ್ಲಗ್ ಕಿತ್ತು, ಅದನ್ನು ಕೈಯಲ್ಲಿ ಹಿಡಿದುಕೊಂಡು, "ಈಗ ಹೇಳಿ," ಎಂದ. ಇಡೀ ತಿಂಗಳ ಪರೀಕ್ಷೆಗೆ ಬೇಕಾದ ರಾಸಾಯನಿಕಗಳಿದ್ದ ಫ್ರಿಜ್ ಅದು.

"ಮೊದ್ಲು ಪ್ಲಗ್ ಹಾಕೋ ಮಾರಾಯ," ಎಂದೆ. "ಓಡಿ ಹೋಗಲ್ಲ ನಾನು, ಇಲ್ಲೇ ಇರ್ತೀನಿ."

ಹಾಕಿದ. ಮೋಟರ್ ಸದ್ದಿಗಿಂತ ಜೋರಾಗಿ ಕೂಗಿ ಹೇಳಬೇಕಾಯಿತು, ಅವನಿಗಿಂತ ನಮ್ಮ ಫ್ರಿಜ್ಜಿನವನೇ ನನಗಿಷ್ಟ ಎಂದು. ರಕ್ತ ಕೊಡಲು ಹೊರಗೆ ಸಾಲಾಗಿ ಕೂತಿದ್ದವರೆಲ್ಲ ಕೇಳಿಸಿಕೊಂಡರು.