ತಪ್ಪುಗಳ ನೋಟ್‌ಬುಕ್

ರಜೆ ಮುಗಿಸಿ ಬಂದವಳು ಡ್ರಾಯರ್ ಎಳೆದು ಮೂಲೆಮೂಲೆ ತಡಕಿದಳು. ನೋಟ್‌ಬುಕ್ ಇರಲಿಲ್ಲ.

ವಿಶ್ವವಿದ್ಯಾಲಯದ ಅಂಕಪಟ್ಟಿ ವಿಭಾಗದಲ್ಲಿ ಅವಳಿಗೆ ಹನ್ನೊಂದು ವರ್ಷದಿಂದ ಅದೇ ಕುರ್ಚಿ, ಅದೇ ಕಿಟಕಿಯಿಲ್ಲದ ಮೂಲೆ. ಮೂರು ಸಲ ವರ್ಗಾವಣೆ ಕೇಳಿದ್ದಳು. ಮೂರು ಸಲವೂ 'ಈ ಕೆಲಸ ಬೇರೆ ಯಾರಿಗೂ ಗೊತ್ತಿಲ್ಲ' ಎಂಬ ಷರಾ ಹೊತ್ತು ಅರ್ಜಿ ವಾಪಸು ಬಂದಿತ್ತು. ಗೊತ್ತಾಗುವುದಾದರೂ ಹೇಗೆ, ಹೇಳಿ! ಇಲ್ಲಿ ತಪ್ಪಾಯಿತೆಂದು ಬಾಯಿಬಿಟ್ಟರೆ ಮೆಮೊ ಗ್ಯಾರಂಟಿ. ಹಾಗಾಗಿ ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡು ವರ್ಷವರ್ಷವೂ ಅದೇ ಹಳ್ಳಕ್ಕೆ ಬೀಳುತ್ತಿದ್ದರು. ಮರುಪರೀಕ್ಷೆ ಬರೆದವರ ಹಳೆಯ ಅಂಕ ತೆಗೆಯದೆ ಹೊಸದನ್ನು ಕೂಡಿಸುವುದು, ಇಂಥವೇ ತಪ್ಪುಗಳು. ಅವಳೊಬ್ಬಳು ಮಾತ್ರ ಎಲ್ಲಿ ಬಿದ್ದೆ, ಹೇಗೆ ಎದ್ದೆ ಎಂದು ಆ ನೋಟ್‌ಬುಕ್‌ನಲ್ಲಿ ಕದ್ದು ಬರೆದಿಟ್ಟಿದ್ದಳು. ಅದು ಸಾಹೇಬರ ಕೈಸೇರಿದರೆ ಮುಗಿಯಿತು ಕಥೆ.

ಎದುರಿನ ಮೇಜು ಖಾಲಿ. ಆರು ತಿಂಗಳ ಹಿಂದೆ ಲೈಬ್ರರಿಯಿಂದ ಬಂದವನದು ಅದು. ದಿನಕ್ಕೆ ನೂರು ಪ್ರಶ್ನೆ ಕೇಳುತ್ತಿದ್ದ, ಕೇಳುವಾಗ ಕನ್ನಡಕ ತಲೆಗೇರಿಸಿ ಅವಳನ್ನೇ ನೋಡುತ್ತಿದ್ದ. ಅವಳೂ ಪೆನ್ನು ಹುಡುಕುವ ನೆಪದಲ್ಲಿ ನೋಡುತ್ತಿದ್ದಳು, ಸುಳ್ಳೇಕೆ! ಡ್ರಾಯರಿನ ಕೀ ಎಲ್ಲಿದೆ ಎಂದು ತೋರಿಸಿದವಳೂ ಅವಳೇ.

ಅವನು ಒಳಬಂದ. ಕೈಯಲ್ಲಿ ಎರಡು ನೋಟ್‌ಬುಕ್.

"ಯಾರಿಗೆ ತೋರಿಸ್ಬಿಟ್ರಿ?" ಅವಳು ಎದ್ದು ನಿಂತಳು.

"ಯಾರಿಗೂ ಇಲ್ಲ. ನಕಲು ಮಾಡ್ಕೊಂಡೆ ಅಷ್ಟೆ. ಕೇಳ್ದೆ ತಗೊಂಡಿದ್ದು ತಪ್ಪು. ಅದನ್ನೂ ಕೊನೇ ಪುಟದಲ್ಲಿ ಬರೆದಿದೀನಿ, ನೋಡಿ."

ಬರೆದಿದ್ದ ಮಹಾರಾಯ! ದಿನಾಂಕ, ಸಹಿ ಸಮೇತ: 'ಪುಸ್ತಕ ಕದ್ದೆ. ಕಾರಣ, ಇದನ್ನು ಬರೆದವಳು ಕಿಟಕಿಯಿರುವ ಕೋಣೆಯಲ್ಲಿ ಕೂತು ನಗುವುದನ್ನು ನೋಡುವ ಆಸೆ.'

ಅವಳ ಕಿವಿ ಬಿಸಿಯಾಯಿತು.

"ನೀವು ರಜೆಯಲ್ಲಿದ್ದಾಗ ಇದನ್ನ ನೋಡ್ಕೊಂಡೇ ಮುನ್ನೂರು ಅಂಕಪಟ್ಟಿ ಮುಗಿಸ್ದೆ. ಒಂದೂ ತಪ್ಪಿಲ್ಲ. ಈ ಕೆಲಸ ನಂಗೂ ಗೊತ್ತು ಅಂತ ಸಾಹೇಬ್ರಿಗೆ ಬರೆದುಕೊಟ್ಟಿದೀನಿ. ನಾಲ್ಕನೇ ಅರ್ಜಿ ಹಾಕಿ."

"ಆಮೇಲೆ ಈ ಮೂಲೇಲಿ ಕೊಳೆಯೋರು ಯಾರು?"

ಅವನು ಕನ್ನಡಕ ತೆಗೆದು ಒರೆಸತೊಡಗಿದ. ಅದು ಆಗಲೇ ಸ್ವಚ್ಛವಾಗಿತ್ತು.

ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು. ಅವಳನ್ನು ಹೊರಗೆ ಕಳಿಸಿ ತಾನು ಒಳಗೆ ಕೂರಲು ಹೊರಟ ಇಂಥ ಪೆದ್ದನನ್ನು ಪ್ರೀತಿಸದೆ ಇನ್ನೇನು ಮಾಡುವುದು?

"ಇನ್ನೊಂದು ಖಾಲಿ ನೋಟ್‌ಬುಕ್ ತನ್ನಿ," ಎಂದಳು. "ಪಕ್ಕದ ಮೇಜಿನ ಅಕ್ಕಂಗೆ ಕಲಿಸೋಣ. ಅವ್ರು ಮತ್ತೊಬ್ರಿಗೆ ಕಲಿಸ್ಲಿ. ಹಾಕೋದಾದ್ರೆ ಎರಡು ಅರ್ಜಿ, ಒಟ್ಟಿಗೆ. ನಿಮ್ಮನ್ನ ಇಲ್ಲಿ ಬಿಟ್ಟು ನಾನೆಲ್ಲಿಗೂ ಹೋಗಲ್ಲ."

ಅವನು ಖಾಲಿ ನೋಟ್‌ಬುಕ್ ತಂದು, ಕುರ್ಚಿ ಎಳೆದುಕೊಂಡು ಅವಳ ಪಕ್ಕಕ್ಕೇ ಬಂದ. ಹೊಸ ಪುಟ ತೆರೆದ. ಮೊಣಕೈ ತಾಕಿತು, ಇಬ್ಬರೂ ಸರಿಯಲಿಲ್ಲ.

"ಮೊದಲ್ನೇ ತಪ್ಪು ಯಾವುದು, ಹೇಳಿ."

"ಹನ್ನೊಂದು ವರ್ಷ ಯಾರಿಗೂ ಹೇಳ್ದೇ ಇದ್ದಿದ್ದು," ಎಂದಳು ಅವಳು. "ಬರ್ಕೊಳ್ಳಿ."